ಗೆಟ್ಟವಾಡಿಯ ದಾರಿ: ಪಯಣವೂ ಪಥ್ಯವೂ

ತಾಳವಾಡಿ ಸೀಮೆ ಭೂಪಟದಲ್ಲಿ ತಮಿಳುನಾಡಿಗೆ ಸೇರಿದ್ದು. ಮನೆಮಾತಿನಲ್ಲಿ ಕನ್ನಡಕ್ಕೆ ಸೇರಿದ್ದು. ಉತ್ತರದಲ್ಲಿ ಚಾಮರಾಜನಗರದ ಬಯಲು, ದಕ್ಷಿಣದಲ್ಲಿ ದಿಂಬದ ಘಟ್ಟ, ಸುತ್ತಲೂ ಆನೆ ಹುಲಿಗಳು ಸಂಚರಿಸುವ ಕಾಡು. ಇವುಗಳ ನಡುವಣ ಎತ್ತರದ ನೆಲದಲ್ಲಿ ರಾಗಿ, ಮುಸುಕಿನ ಜೋಳ, ಬೆಳ್ಳುಳ್ಳಿ, ಎಲೆಕೋಸು, ಅರಿಸಿನ, ಬಾಳೆಗಳನ್ನು ಬೆಳೆಯುತ್ತ ಬಾಳುವ ಒಕ್ಕಲು ಮಕ್ಕಳ ಹಳ್ಳಿಗಳಿವೆ. ಅಂಥ ಹಳ್ಳಿಗಳಲ್ಲೊಂದು ಗೆಟ್ಟವಾಡಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. ಅದೇ ಜಿಲ್ಲೆಯ ತಾಳವಾಡಿ ಸೀಮೆ ಮದರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಈರೋಡು ಬೇರೆ ಜಿಲ್ಲೆಯಾದ ಬಳಿಕ ಅದಕ್ಕೆ ಸೇರಿತು. ಜಿಲ್ಲೆಯ ಹೆಸರು ಬದಲಾಯಿತೇ ಹೊರತು ಜಗುಲಿಯ ಮೇಲಿನ ಮಾತು ಬದಲಾಗಲಿಲ್ಲ.

ಈ ಸೀಮೆಯನ್ನು ಹೊರಗಿನವರು ಗುರುತಿಸುವುದು ಎರಡು ಮೂರು ಸಂಗತಿಗಳಿಂದ. ವರನಟ ರಾಜಕುಮಾರ್ ಅವರ ಗಾಜನೂರು ಇಲ್ಲಿಯದು. ದೀಪಾವಳಿ ಕಳೆಯುತ್ತಲೇ ಬೀರೇಶ್ವರನ ಹೆಸರಿನಲ್ಲಿ ಸಗಣಿಯುಂಡೆಗಳನ್ನು ಎರಚಾಡುವ ಗೊರೆಹಬ್ಬದ ಗುಮಟಾಪುರವೂ ಇಲ್ಲಿಯದೇ. 2000ನೆಯ ಇಸವಿಯ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಮನೆಯಿಂದ ರಾಜಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿ ನೂರೆಂಟು ದಿನ ಅಡವಿಯಲ್ಲಿರಿಸಿಕೊಂಡಿದ್ದುದನ್ನು ಕನ್ನಡಿಗರಾರೂ ಮರೆತಿಲ್ಲ. ಆ ಕಾಲದಲ್ಲಿ ಈ ಕಾಡುಗಳ ಹೆಸರೆತ್ತಿದರೆ ಪ್ರವಾಸಿಗರು ಹಿಂಜರಿಯುತ್ತಿದ್ದರು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಹತನಾದನು. 2013ರಲ್ಲಿ ಸತ್ಯಮಂಗಲದ ಅರಣ್ಯ ಹುಲಿ ಸಂರಕ್ಷಿತ ಪ್ರದೇಶವಾಯಿತು. ಈಗ ಚೆನ್ನೈ, ಕೊಯಮತ್ತೂರು, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿರುವ ತರುಣ ತರುಣಿಯರು ಶನಿವಾರ ಭಾನುವಾರಗಳ ಬಿಡುವಿನಲ್ಲಿ ಬೆನ್ನಿಗೊಂದು ಚೀಲ ಬಿಗಿದು, ರಾತ್ರಿಯ ಬಸ್ಸು ಹತ್ತಿ, ಬೆಟ್ಟದ ಹಳ್ಳಿಗಳನ್ನು ನೋಡಲು ಹೊರಡುತ್ತಾರೆ. ಅವರಲ್ಲಿ ನಮ್ಮ ವಾಚಕರ ಮಕ್ಕಳೂ ಮೊಮ್ಮಕ್ಕಳೂ ಇದ್ದಾರೆ. ಹಬ್ಬಕ್ಕೆ, ಮದುವೆಗೆ, ತಿಥಿಗೆ ಊರಿಗೆ ಬರುವ ಸಂಸಾರಗಳದೂ ಇದೇ ದಾರಿ. ಹೀಗೆ ಹೊರಟವರಿಗೆ ದಾರಿಯಲ್ಲಿ ಕಾಯಿಲೆಯಾದರೆ ಏನು ಗತಿ ಎಂಬುದೇ ಈ ಬರಹದ ವಿಚಾರ.

ಎರಡು ದಾರಿಗಳು

ಗೆಟ್ಟವಾಡಿಯನ್ನು ಸೇರಬೇಕಾದರೆ ಮೊದಲು ತಾಳವಾಡಿಗೆ ಬರಬೇಕು. ತಾಳವಾಡಿಗೆ ಉತ್ತರದ ದಾರಿ ಸುಲಭವಾದದ್ದು. ಚಾಮರಾಜನಗರದಿಂದ ಬಸ್ಸು ಹತ್ತಿದರೆ ಒಂದು ಗಳಿಗೆ ಮಾತಾಡುವಷ್ಟರಲ್ಲಿ ರಾಜ್ಯದ ಗಡಿ ದಾಟಿಹೋಗಿರುತ್ತದೆ. ದಕ್ಷಿಣದ ದಾರಿ ಹಾಗಲ್ಲ. ಸತ್ಯಮಂಗಲದಿಂದ ಬಣ್ಣಾರಿ ಅಮ್ಮನ ಗುಡಿಯವರೆಗೆ ಸಮತಟ್ಟು. ಅಲ್ಲಿಂದ ಮುಂದೆ ಇಪ್ಪತ್ತೇಳು ತಿರುವುಗಳ ದಿಂಬದ ಘಟ್ಟ. ಹಿಂದೆ 209 ಎಂದೂ ಈಗ 948 ಎಂದೂ ಎಣಿಸಲ್ಪಡುವ ಈ ರಾಷ್ಟ್ರೀಯ ಹೆದ್ದಾರಿ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ದಿಂಬಕ್ಕೇರಿ, ಹಾಸನೂರನ್ನು ಮುಟ್ಟಿ, ಚಾಮರಾಜನಗರದತ್ತ ಸಾಗುತ್ತದೆ.

ದೂರದಿಂದ ಬರುವವರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವನ್ಯಮೃಗಗಳು ವಾಹನಗಳಡಿ ಸಿಕ್ಕಿ ಸಾಯುವುದನ್ನು ತಡೆಯಲೆಂದು ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2022ರ ಫೆಬ್ರವರಿ 10ರಿಂದ ಬಣ್ಣಾರಿಗೂ ಕಾರಪಳ್ಳಕ್ಕೂ ನಡುವೆ ರಾತ್ರಿಸಂಚಾರಕ್ಕೆ ನಿರ್ಬಂಧ ಬಂದಿದೆ. ಅಂಬ್ಯುಲೆನ್ಸ್ ಮೊದಲಾದ ತುರ್ತು ವಾಹನಗಳಿಗೆ ವಿನಾಯಿತಿಯುಂಟು. ಉಳಿದ ವಾಹನಗಳ ವೇಳೆ ಮತ್ತು ಸಡಿಲಿಕೆಗಳು ಕಾಲಕಾಲಕ್ಕೆ ಬದಲಾದುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ಆದ್ದರಿಂದ ರಾತ್ರಿಯ ಬಸ್ಸಿನಲ್ಲಿ ಬರುವವರು ಬೆಳಗಿನ ಜಾವಕ್ಕೆ ಸತ್ಯಮಂಗಲದಲ್ಲಿಳಿದು, ಹಗಲಿನ ಬಸ್ಸಿನಲ್ಲಿ ಘಟ್ಟವೇರುವಂತೆ ಲೆಕ್ಕ ಹಾಕಬೇಕು. ಬೆಂಗಳೂರಿನವರ ಕಷ್ಟ ಬೇರೆಯ ಬಗೆಯದು. ಅಲ್ಲಿಂದ ಚಾಮರಾಜನಗರ ಸುಮಾರು 180 ಕಿಲೋಮೀಟರು. ನಿದ್ದೆಗೆಟ್ಟು ರಾತ್ರಿ ಹೊರಟರೆ ನಡುರಾತ್ರಿ ಕಳೆದು ನಿಲ್ದಾಣದಲ್ಲಿಳಿದು ಬೆಳಕು ಹರಿಯುವವರೆಗೂ ಚಳಿಯಲ್ಲಿ ಕಾಯಬೇಕು. ಅಂಥವರು ಮುಂಜಾನೆಯೇ ಹೊರಡುವುದು ಮೇಲು.

ಹಿಂದಿನ ಪಯಣಿಗರು

ಈ ಬೆಟ್ಟಗಳ ದಾರಿ ಹೊಸದೇನಲ್ಲ. ಮೈಸೂರಿನ ಮೇಲುನಾಡಿನಿಂದ ಕೊಯಮತ್ತೂರಿನ ಬಯಲಿಗೆ ಇಳಿಯುವವರು ಮೋಟಾರು ರಸ್ತೆಗೆ ಮೊದಲು ಹಿಡಿಯುತ್ತಿದ್ದುದು ಗಜ್ಜಲಹಟ್ಟಿಯ ಕಣಿವೆಯನ್ನು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ತನ್ನ ಸೇನೆಯೊಡನೆ ಈ ಕಣಿವೆಯಿಂದಲೇ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಬಿದ್ದನು. ಟಿಪ್ಪುವಿನ ಪತನಾನಂತರ 1800ರಲ್ಲಿ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಕೊಯಮತ್ತೂರು ಸೀಮೆಯಲ್ಲಿಯೂ ಸಂಚರಿಸಿ, ಕಂಡದ್ದನ್ನೆಲ್ಲ ಬರೆದಿಟ್ಟನು. ಆ ದಾರಿಯ ಬುಡದಲ್ಲಿದ್ದ ದಣ್ಣಾಯಕನ ಕೋಟೆ 1955ರಲ್ಲಿ ಪೂರ್ಣಗೊಂಡ ಭವಾನಿಸಾಗರದ ನೀರಿನಲ್ಲಿ ಮುಳುಗಿದೆ.

ಆದರೆ ಈ ಕಾಡುಗಳ ಆಸುಪಾಸಿನಲ್ಲಿ ಕಾಯಿಲೆ ಬಿದ್ದ ಪಯಣಿಗರಲ್ಲಿ ಲೋಕೋಪಕಾರಿಯಾದವನು ರೊನಾಲ್ಡ್ ರಾಸ್. ಮೋಯಾರು ನದಿಯ ಕಮರಿಯಾಚೆ, ನೀಲಗಿರಿಯ ಉತ್ತರದ ಪಾದದಲ್ಲಿ ಸೀಗೂರೆಂಬ ಸ್ಥಳವಿದೆ. ತಾಳವಾಡಿ ಸೀಮೆಯ ಕಾಡಿಗೂ ಅದಕ್ಕೂ ನಡುವೆ ಮೋಯಾರಿನ ಕಣಿವೆಯೊಂದೇ ಅಡ್ಡ. ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸದಲ್ಲಿದ್ದ ಈ ಸೈನ್ಯದ ವೈದ್ಯನು 1897ರಲ್ಲಿ ರಜೆ ಪಡೆದು ಉದಕಮಂಡಲಕ್ಕೆ ಬಂದು, ಚಳಿಜ್ವರದ ಮೂಲವನ್ನು ಹುಡುಕಲು ಸೀಗೂರಿನ ಘಟ್ಟಕ್ಕೆ ಇಳಿದನು. ಇಳಿದ ಕೆಲವೇ ದಿನಗಳಲ್ಲಿ ಅವನಿಗೇ ಚಳಿಜ್ವರ ಹಿಡಿಯಿತು. ಸೊಳ್ಳೆಗಳು ನೀರಿನಲ್ಲಿ ಸತ್ತು ಬೀಳುತ್ತವೆ, ಆ ನೀರನ್ನು ಕುಡಿದವರಿಗೆ ಜ್ವರ ತಗಲುತ್ತದೆ ಎಂದು ಅಂದಿನ ವಿದ್ವಾಂಸರಲ್ಲಿ ಕೆಲವರ ಊಹೆಯಿತ್ತು. ರಾಸನು ಸೀಗೂರಿನಲ್ಲಿ ಚುಕ್ಕೆರೆಕ್ಕೆಯ ಸೊಳ್ಳೆಯೊಂದನ್ನು ಕಂಡು, ಅದು ಕುಳಿತುಕೊಳ್ಳುವ ರೀತಿ ಬೇರೆಯಾಗಿರುವುದನ್ನು ಗಮನಿಸಿದನು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅಂಥದೇ ಜಾತಿಯ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡುಹಿಡಿದನು. 1902ರಲ್ಲಿ ನೊಬೆಲ್ ಪಾರಿತೋಷಕ ಅವನದಾಯಿತು. ಕಾಡಿನ ಗಾಳಿಯನ್ನೂ ನೀರನ್ನೂ ದೂರುತ್ತಿದ್ದ ಜನಕ್ಕೆ ಅಪರಾಧಿ ಸೊಳ್ಳೆಯೆಂಬುದು ತಿಳಿದದ್ದು ಹೀಗೆ. ಬೆನ್ನಿನ ಚೀಲದಲ್ಲಿ ಸೊಳ್ಳೆಪರದೆಯನ್ನೂ, ಸಂಜೆಗೆ ತೊಡಲು ಉದ್ದ ತೋಳಿನ ಅಂಗಿಯನ್ನೂ ಇಟ್ಟುಕೊಳ್ಳುವವರು ಅವನ ಜ್ವರದ ಪಾಠವನ್ನೇ ಪಾಲಿಸುತ್ತಿದ್ದಾರೆ.

ಬಸ್ಸಿನೊಳಗಿನ ರಾತ್ರಿ

ರಾತ್ರಿಯ ಬಸ್ಸು ಸಮಯವನ್ನೂ ತಂಗುವ ಖರ್ಚನ್ನೂ ಉಳಿಸುತ್ತದೆ. ಆದರೆ ಆ ಉಳಿತಾಯದ ಬೆಲೆಯನ್ನು ದೇಹ ತೆರುತ್ತದೆ. ಮೊದಲನೆಯದು ವಾಕರಿಕೆ. ನಮ್ಮ ಕಿವಿಯ ಒಳಭಾಗದಲ್ಲಿ ಶರೀರದ ಚಲನೆಯನ್ನು ಅರಿಯುವ ಸೂಕ್ಷ್ಮ ನಾಳಗಳಿವೆ. ಬಸ್ಸು ತಿರುವಿನಲ್ಲಿ ಓಲಾಡುತ್ತಿದೆಯೆಂದು ಅವು ಹೇಳುತ್ತಿರುವಾಗ, ಕೈಯಲ್ಲಿ ಹಿಡಿದ ಪುಸ್ತಕವನ್ನೋ ಫೋನನ್ನೋ ನೋಡುತ್ತಿರುವ ಕಣ್ಣು ಎಲ್ಲವೂ ನಿಶ್ಚಲವಾಗಿದೆ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ದಿಂಬದ ಘಟ್ಟದಲ್ಲಿ ಮಕ್ಕಳಷ್ಟೇ ಅಲ್ಲ, ಗಟ್ಟಿಗರೂ ಕಿಟಕಿಯತ್ತ ಧಾವಿಸುವುದಕ್ಕೆ ಇದೇ ಕಾರಣ. ಚಾಲಕನಿಗೆ ಇದು ಬಾರದಿರುವುದು ಗಮನಾರ್ಹ. ಅವನ ದೃಷ್ಟಿ ಸದಾ ರಸ್ತೆಯ ಮೇಲಿರುತ್ತದೆ, ಮುಂದಿನ ತಿರುವು ಅವನಿಗೆ ಮೊದಲೇ ತಿಳಿದಿರುತ್ತದೆ. ಮುಂಭಾಗದ ಆಸನದಲ್ಲಿ ಕುಳಿತು ದೂರದ ಬೆಟ್ಟವನ್ನು ನೋಡುವುದು, ತಲೆಯನ್ನು ಆಸನಕ್ಕೆ ಒರಗಿಸಿ ಅಲುಗದಂತೆ ಇಡುವುದು, ಹೊಟ್ಟೆ ಬಿರಿಯುವಂತೆ ತಿನ್ನದೆಯೂ ತೀರ ಬರಿಹೊಟ್ಟೆಯಲ್ಲಿರದೆಯೂ ಹೊರಡುವುದು, ಒಂದು ಚೂರು ಶುಂಠಿಯನ್ನು ಬಾಯಲ್ಲಿರಿಸಿಕೊಳ್ಳುವುದು. ಇವು ಖರ್ಚಿಲ್ಲದ ಉಪಾಯಗಳು. ವಾಂತಿಗೆ ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ, ಬಸ್ಸು ಹೊರಡುವುದಕ್ಕೆ ಅರ್ಧ ಅಥವಾ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊರಬರುವ ಸಂಭವವೇ ಹೆಚ್ಚು.

ಎರಡನೆಯದು ಬಾಯಾರಿಕೆ. ಈ ಮಾತನ್ನು ಬಹಿರಂಗವಾಗಿ ಆಡುವವರು ಕಡಿಮೆ. ರಾತ್ರಿಯ ಬಸ್ಸು ಎಲ್ಲಿ ನಿಲ್ಲುತ್ತದೆಯೋ, ಅಲ್ಲಿ ಶೌಚಾಲಯ ಹೇಗಿರುತ್ತದೆಯೋ ಎಂಬ ಅಳುಕಿನಿಂದ ನಮ್ಮ ಹೆಣ್ಣುಮಕ್ಕಳು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ಬೆಳಗಿನ ತಲೆನೋವು, ಉರಿಮೂತ್ರ, ಮಲಬದ್ಧತೆಗಳಿಗೆ ಈ ಸಂಕೋಚವೇ ಎಷ್ಟೋ ಸಲ ಮೂಲ. ಹತ್ತುವ ಮೊದಲೇ ಬಸ್ಸು ನಿಲ್ಲುವ ಸ್ಥಳಗಳನ್ನು ನಿರ್ವಾಹಕನಲ್ಲಿ ಕೇಳಿಕೊಂಡು, ಅದಕ್ಕನುಗುಣವಾಗಿ ಸ್ವಲ್ಪಸ್ವಲ್ಪವೇ ನೀರು ಕುಡಿಯಬೇಕಲ್ಲದೆ ಪೂರ್ತಿ ಬಿಡಬಾರದು. ಜೊತೆಯಲ್ಲಿ ಗಂಡಸರಿದ್ದರೆ ಬಸ್ಸು ನಿಲ್ಲಿಸುವಂತೆ ಕೇಳುವ ಹೊಣೆ ಅವರದು.

ಮೂರನೆಯದು ಕಾಲು. ನಾಲ್ಕು ಗಂಟೆಗೂ ಹೆಚ್ಚು ಕಾಲ ಕದಲದೆ ಕುಳಿತು ಪ್ರಯಾಣ ಮಾಡಿದವರಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿತು. ಆರೋಗ್ಯವಂತರಿಗೆ ಈ ಅಪಾಯ ಅಲ್ಪವೇ. ಆದರೆ ಗರ್ಭಿಣಿಯರು, ಈಚೆಗೆ ಶಸ್ತ್ರಕ್ರಿಯೆಯಾದವರು, ವಯಸ್ಸಾದವರು ಬಸ್ಸು ನಿಂತಾಗಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ಕುಳಿತಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಪ್ರಯಾಣದ ಬಳಿಕ ಒಂದೇ ಕಾಲು ಊದಿ ನೋಯತೊಡಗಿದರೆ ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ಇನ್ನು ಔಷಧದ ವಿಚಾರ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸಗಳಿಗೆ ನಿತ್ಯ ಔಷಧ ಸೇವಿಸುವವರು ಅದನ್ನು ಬಸ್ಸಿನ ಹೊಟ್ಟೆಯೊಳಗೆ ಹೋಗುವ ದೊಡ್ಡ ಚೀಲದಲ್ಲಿಡದೆ ಮಡಿಲಿನ ಕೈಚೀಲದಲ್ಲಿಟ್ಟುಕೊಳ್ಳಬೇಕು. ಚೀಲ ಕಳೆದರೆ ಬಟ್ಟೆ ಕೊಳ್ಳಬಹುದು. ಬೆಟ್ಟದ ಮೇಲೆ ಬೇಕಾದ ಮಾತ್ರೆ ಬೇಕಾದ ಹೊತ್ತಿಗೆ ಸಿಕ್ಕೀತೆಂಬ ಭರವಸೆಯಿಲ್ಲ.

ಗೆಟ್ಟವಾಡಿಯಲ್ಲಿ ಮೂರು ದಿನ

ನಾವು ಮೂವರು ಚೆನ್ನೈಯಿಂದ ಹೊರಟಿದ್ದೆವು. ನಾನು, ನನ್ನ ಸೋದರಳಿಯ, ಅವನ ಗೆಳೆಯ. ತರುಣರಿಬ್ಬರ ಬೆನ್ನಿನ ಮೇಲೂ ಅವರ ಅರ್ಧದಷ್ಟು ಎತ್ತರದ ಚೀಲಗಳು. ನಡುರಾತ್ರಿ ಬಸ್ಸು ನಿಂತ ಕಡೆ ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಸೋದರಳಿಯ ಪರೋಟ ತಿಂದ. ಸತ್ಯಮಂಗಲದಲ್ಲಿ ಇಳಿಯುವ ಹೊತ್ತಿಗೆ ಅವನ ಮುಖ ಬಿಳಿಚಿಕೊಂಡಿತ್ತು. ಎರಡು ಸಲ ವಾಂತಿಯಾಗಿ, ಭೇದಿಯೂ ತೊಡಗಿತು. ಅಲ್ಲಿಯೇ ನಿಂತುಬಿಡೋಣವೆಂದರೆ ಹುಡುಗ ಒಪ್ಪಲಿಲ್ಲ. ಅರ್ಧ ಗಂಟೆ ಕುಳ್ಳಿರಿಸಿ, ಔಷಧದಂಗಡಿಯಲ್ಲಿ ಸಿಕ್ಕಿದ ಲವಣದ ಪೊಟ್ಟಣವನ್ನು ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ, ವಾಂತಿ ನಿಂತಿತೆಂದು ಖಚಿತವಾದ ಮೇಲೆ ತಾಳವಾಡಿಯ ಬಸ್ಸು ಹತ್ತಿದೆವು. ನಿರ್ವಾಹಕರು ಅವನ ಸ್ಥಿತಿ ಕಂಡು ಮುಂದಿನ ಆಸನದಲ್ಲಿದ್ದವರನ್ನು ಎಬ್ಬಿಸಿ ಜಾಗ ಮಾಡಿಕೊಟ್ಟರು. ಇಪ್ಪತ್ತೇಳು ತಿರುವುಗಳನ್ನು ಅವನು ಕಣ್ಣು ಮುಚ್ಚಿಯೇ ಏರಿದ.

ಗೆಟ್ಟವಾಡಿಯಲ್ಲಿ ನಾವು ಇಳಿದುಕೊಳ್ಳಬೇಕಾಗಿದ್ದ ಪರಿಚಿತರ ಮನೆಯ ಹಿರಿಯವ್ವ ಬಾಗಿಲಲ್ಲಿ ಅವನನ್ನು ಕಂಡವರೇ, ‘ಯಾಕ್ ಕೂಸು, ಮೊಕ ಹಿಂಗ್ ಬಾಡೋಗದ?’ ಎಂದು ಕೈಹಿಡಿದು ಜಗುಲಿಯ ಮೇಲೆ ಮಲಗಿಸಿದರು. ನಮಗೆಂದು ಮಾಡಿದ್ದ ಅಡಿಗೆಯ ವಾಸನೆಯೂ ಅವನತ್ತ ಸುಳಿಯದಂತೆ ಒಳಬಾಗಿಲು ಮುಚ್ಚಿದರು. ಅರ್ಧ ಗಂಟೆಯೊಳಗೆ ತೆಳ್ಳಗಿನ ಅಕ್ಕಿಗಂಜಿಗೆ ಉಪ್ಪು ಬೆರೆಸಿ ತಂದರು. ಅವನು ಬಾಯಾರಿಕೆಯಿಂದ ಲೋಟವನ್ನೆತ್ತಿ ಗಟಗಟನೆ ಸುರಿದುಕೊಳ್ಳಹೊರಟಾಗ, ‘ಒಂದೇ ಸಲಕ್ಕ ಕುಡೀಬ್ಯಾಡ ಕೂಸು. ಗುಟುಕು ಗುಟುಕಾಗಿ ಕುಡಿ, ನಿಂತ್ಕತದ’ ಎಂದು ತಡೆದರು. ಸಂಜೆಗೆ ಮೈ ಬಿಸಿಯಾಯಿತು. ಮನೆಯ ಹಿರಿಯ ಮಗ ಮರುಮಾತಾಡದೆ ನಮ್ಮನ್ನು ತಾಳವಾಡಿಯ ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ತಮಿಳಿನಲ್ಲಿ ಕೇಳಿದ್ದನ್ನು ಶುಶ್ರೂಷಕಿ ಕನ್ನಡದಲ್ಲಿ ಹುಡುಗನಿಗೆ ವಿವರಿಸಿದರು: ಮಲದಲ್ಲಿ ರಕ್ತವಿದೆಯೇ, ಮೂತ್ರ ಎಷ್ಟು ಹೊತ್ತಿನ ಹಿಂದೆ ಆಯಿತು, ಕಾಡಿನಲ್ಲಿ ಓಡಾಡಿದ್ದುಂಟೇ? ಮೂರೂ ಪ್ರಶ್ನೆಗಳಿಗೆ ಉತ್ತರ ತೃಪ್ತಿಕರವಾಗಿದ್ದುದರಿಂದ ಜ್ವರಕ್ಕೊಂದು ಮಾತ್ರೆ, ಮತ್ತಷ್ಟು ಲವಣದ ಪೊಟ್ಟಣಗಳು, ಎರಡು ದಿನದ ವಿಶ್ರಾಂತಿ; ಇಷ್ಟೇ ಚಿಕಿತ್ಸೆ.

ಹುಡುಗರು ಬಂದದ್ದು ಬೆಟ್ಟ ಸುತ್ತಲು. ಆ ಮೂರು ದಿನವೂ ಅವರು ಕಂಡದ್ದು ಒಂದು ಜಗುಲಿ, ಎದುರಿನ ರಾಗಿಹೊಲ, ರಾತ್ರಿ ಆನೆ ಬಂತೆಂದು ಹೊಲದ ಕಾವಲುಗಾರರು ಕೂಗುವ ಸದ್ದು, ಮುಂಜಾನೆ ಎಲೆಕೋಸಿನ ಮೂಟೆಗಳನ್ನು ಲಾರಿಗೆ ಏರಿಸುವ ಗಡಿಬಿಡಿ. ಹೋಗಿ ಬರುವ ನೆರೆಯವರೆಲ್ಲ ‘ಹೆಂಗದ ಈಗ?’ ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ನಾಲ್ಕನೆಯ ದಿನ ಹುಡುಗ ರಾಗಿಮುದ್ದೆ ಉಂಡ. ಚಾಮರಾಜನಗರದ ದಾರಿಯಾಗಿ ಹಗಲಿನಲ್ಲೇ ಹಿಂದಿರುಗಿದೆವು. ಒಂದು ಊರನ್ನು ಅರಿಯಬೇಕಾದರೆ ಅದರ ಬೆಟ್ಟದ ತುದಿಗೇ ಏರಬೇಕೆಂದೇನೂ ಇಲ್ಲ ಎಂದು ಅವನ ಗೆಳೆಯ ಬಸ್ಸಿನಲ್ಲಿ ಹೇಳಿದ ಮಾತು ನನಗೆ ಒಪ್ಪಿಗೆಯಾಯಿತು.

ಸಕ್ಕರೆ, ಉಪ್ಪು, ನೀರು

ಹಿರಿಯವ್ವನ ಗಂಜಿಗೂ ಅಂಗಡಿಯ ಪೊಟ್ಟಣಕ್ಕೂ ಇರುವ ನಂಟು ಚಿಂತನಾರ್ಹವಾದದ್ದು. ಭೇದಿಯಿಂದ ಸಾಯುವವರು ಬಹುಮಟ್ಟಿಗೆ ಸಾಯುವುದು ರೋಗಾಣುವಿನಿಂದಲ್ಲ, ಮೈಯೊಳಗಿನ ನೀರೂ ಲವಣವೂ ಬರಿದಾಗುವುದರಿಂದ. ಬರಿಯ ನೀರು ಕುಡಿದರೆ ನೊಂದ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳದು. ಆದರೆ ಗ್ಲೂಕೋಸು ಮತ್ತು ಉಪ್ಪು ಜೊತೆಗೂಡಿದರೆ ಕರುಳಿನ ಗೋಡೆಯಲ್ಲಿ ಒಂದು ಬಾಗಿಲು ತೆರೆದಂತಾಗಿ, ಎರಡೂ ಒಟ್ಟಿಗೆ ಒಳಹೋಗುತ್ತವೆ; ನೀರು ಅವನ್ನು ಹಿಂಬಾಲಿಸುತ್ತದೆ. ಅಕ್ಕಿಯ ಗಂಜಿಯಲ್ಲಿರುವ ಪಿಷ್ಟವೂ ಜೀರ್ಣವಾಗಿ ಗ್ಲೂಕೋಸೇ ಆಗುವುದರಿಂದ ಉಪ್ಪು ಬೆರೆಸಿದ ಗಂಜಿ ನಮ್ಮ ಅಜ್ಜಿಯರ ಕೈಯಲ್ಲಿ ಔಷಧವಾಗಿತ್ತು.

ಈ ತತ್ತ್ವವನ್ನು ಜಗತ್ತು ಒಪ್ಪುವಂತೆ ಮಾಡಿದ್ದೂ ಒಂದು ಗಡಿಯ ಕಥೆಯೇ. 1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದಾಗ ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹನಿಸುವ ದ್ರವ ಮುಗಿಯುತ್ತ ಬಂದಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡ, ಗ್ಲೂಕೋಸುಗಳನ್ನು ಅಳೆದು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಅದುವರೆಗೆ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಂಗೀಕರಿಸಿತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಸಂದಿತು.

ಪೊಟ್ಟಣ ದೊರೆಯದ ಕಡೆ ಮನೆಯಲ್ಲಿಯೇ ಮಾಡುವ ಕ್ರಮ ಹೀಗಿದೆ: ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮತಟ್ಟಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಆದ್ದರಿಂದ ಕಣ್ಣಳತೆ ಸಲ್ಲದು. ಒಮ್ಮೆ ಮಾಡಿದ್ದನ್ನು ಒಂದು ದಿನದೊಳಗೆ ಮುಗಿಸಬೇಕು. ಭೇದಿಯನ್ನು ಥಟ್ಟನೆ ಕಟ್ಟಿಸುವ ಮಾತ್ರೆಯನ್ನು ಜ್ವರವಿದ್ದಾಗ, ರಕ್ತ ಹೋಗುತ್ತಿರುವಾಗ ನುಂಗಬಾರದು. ಏನು ಕುಡಿದರೂ ವಾಂತಿಯಾಗುತ್ತಿದ್ದರೆ, ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ, ರೋಗಿ ಮಂಕಾಗಿ ಮಾತು ತಪ್ಪಿದರೆ ಮನೆಮದ್ದಿನ ಕಾಲ ಮುಗಿಯಿತೆಂದೇ ತಿಳಿದು ಆಸ್ಪತ್ರೆಗೆ ಧಾವಿಸಬೇಕು.

ಕಾಡಿನಿಂದ ಬಂದ ಮೇಲೆ

ಕಾಯಿಲೆ ಪಯಣದಲ್ಲಿಯೇ ಬರಬೇಕೆಂದಿಲ್ಲ. ಮನೆ ಸೇರಿದ ಮೇಲೂ ಬರಬಹುದು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ, 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿಯೂ ಕಾಣಿಸಿಕೊಂಡಿತು. ಸತ್ತ ಮಂಗಗಳ ಬಳಿ ಓಡಾಡಿದ ಅರಣ್ಯ ಕೆಲಸಗಾರರು ಅದಕ್ಕೆ ಸಿಕ್ಕಿದರು. ಅದನ್ನು ಹರಡುವುದು ಉಣ್ಣಿ. ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳಿಂದ ಹರಡುವ ಸ್ಕ್ರಬ್ ಟೈಫಸ್ ಎಂಬ ಜ್ವರ ಇನ್ನೂ ತಡವಾಗಿ, ಮೂರು ವಾರದವರೆಗೂ ಕಾದು ಬರಬಹುದು. ಕಚ್ಚಿದೆಡೆಯಲ್ಲಿ ಸುಟ್ಟಂಥ ಕಪ್ಪು ಹಕ್ಕಳೆ ಇರುವುದು ಅದರ ಕುರುಹು. ಬೇಗ ಗುರುತಿಸಿದರೆ ಸಾಮಾನ್ಯ ಮಾತ್ರೆಗೆ ಇಳಿಯುವ ಈ ಜ್ವರ, ತಡವಾದರೆ ಪ್ರಾಣಕ್ಕೆ ಬರುತ್ತದೆ. ಆದ್ದರಿಂದ ಬೆಟ್ಟದಿಂದ ಹಿಂದಿರುಗಿದ ಒಂದು ತಿಂಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, ‘ನಾನು ಕಾಡಿನ ಊರಿಗೆ ಹೋಗಿದ್ದೆ’ ಎಂಬುದು. ಜ್ವರದ ಕಾರಣ ತಿಳಿಯುವವರೆಗೂ ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಮಾತ್ರೆ ಬೇಡ. ಡೆಂಗೀ ಜ್ವರವಾಗಿದ್ದರೆ ಅವು ರಕ್ತಸ್ರಾವಕ್ಕೆ ದಾರಿಮಾಡುತ್ತವೆ. ಹುಲಿ ಸಂರಕ್ಷಿತ ಕಾಡಿನೊಳಕ್ಕೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲವೆಂಬುದನ್ನೂ, ಆನೆಯೆದುರು ತಾರುಣ್ಯದ ಹುರುಪು ನಡೆಯದೆಂಬುದನ್ನೂ ಹುಡುಗರು ನೆನಪಿಡಬೇಕು.

ಗಡಿಯೂ ರೋಗಿಯೂ

ಗಡಿನಾಡಿನವರಿಗೆ ಕಾಯಿಲೆಯೊಂದಿಗೆ ಇನ್ನೊಂದು ಚಿಂತೆಯೂ ಅಂಟಿಕೊಂಡಿರುತ್ತದೆ: ಯಾವ ಕಡೆಗೆ ಹೋಗುವುದು? ತಾಳವಾಡಿಯವರಿಗೆ ಜಿಲ್ಲೆಯ ಕೇಂದ್ರ ಘಟ್ಟದ ಕೆಳಗಿನ ಈರೋಡು; ಹತ್ತಿರದ ದೊಡ್ಡ ಪೇಟೆ ಗಡಿಯಾಚೆಯ ಚಾಮರಾಜನಗರ. ಪಡಿತರ ಚೀಟಿಯೂ ಸರಕಾರದ ಆರೋಗ್ಯ ವಿಮೆಯೂ ಒಂದು ರಾಜ್ಯದವು. ಸಮೀಪದ ಆಸ್ಪತ್ರೆ ಇನ್ನೊಂದು ರಾಜ್ಯದ್ದು.

ಈ ಗೆರೆ ಎಷ್ಟು ಕಠಿಣವಾಗಬಲ್ಲುದೆಂಬುದನ್ನು ಕಾಸರಗೋಡಿನ ಕನ್ನಡಿಗರು 2020ರಲ್ಲಿ ಕಂಡರು. ಕೊರೋನಾ ಪಿಡುಗು ಹಬ್ಬಿದಾಗ, ಆ ವರ್ಷದ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಕೇರಳದ ಗಡಿಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿತು. ತಲಪಾಡಿಯಾಚೆ ಕೂಗಳತೆಯಲ್ಲಿದ್ದಂಥ ಮಂಗಳೂರಿನ ಆಸ್ಪತ್ರೆಗಳನ್ನು ತಲಪಲಾಗದೆ ರೋಗಿಗಳು ಪ್ರಾಣ ಬಿಟ್ಟರು. ಕೇರಳದ ಉಚ್ಚ ನ್ಯಾಯಾಲಯ ದಾರಿ ತೆರೆಯುವಂತೆ ಆಜ್ಞೆ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಸರಕಾರದ ಮಧ್ಯಸ್ಥಿಕೆಯಿಂದ ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಕ್ರಮವೊಂದು ಏರ್ಪಟ್ಟಿತು. ಸೋಂಕು ತಡೆಯಬೇಕೆಂಬ ರಾಜ್ಯದ ಕಾಳಜಿಯೂ ಸುಳ್ಳಲ್ಲ. ಆದರೆ ನಿತ್ಯವೂ ದಾಟುವ ಗೆರೆಯೊಂದು ಒಂದು ಬೆಳಗ್ಗೆ ಗೋಡೆಯಾಗಿ ನಿಂತಾಗ ಮೊದಲು ಎಡವುವವನು ರೋಗಿಯೇ ಎಂಬುದು ಆಗ ಸ್ಪಷ್ಟವಾಯಿತು.

ಹಾಗಾಗಿ ಗಡಿಯ ಹಳ್ಳಿಗಳಿಗೆ ಹೋಗುವವರು ಕೆಲವನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ತುರ್ತು ವಾಹನಕ್ಕೆ ಎರಡೂ ರಾಜ್ಯಗಳಲ್ಲಿ 108 ಎಂಬ ಒಂದೇ ಸಂಖ್ಯೆಯಿದ್ದರೂ ವ್ಯವಸ್ಥೆಗಳು ಬೇರೆ ಬೇರೆ. ಗಡಿಯಲ್ಲಿ ಫೋನು ಯಾವ ಕಡೆಯ ಗೋಪುರಕ್ಕೆ ತಗುಲಿಕೊಂಡಿದೆಯೋ ಆ ಕಡೆಗೆ ಕರೆ ಹೋಗಬಹುದು. ಆದ್ದರಿಂದ ರೋಗದ ವಿವರಕ್ಕಿಂತ ಮೊದಲು ಊರು, ತಾಲ್ಲೂಕು, ರಾಜ್ಯಗಳ ಹೆಸರನ್ನು ಹೇಳಬೇಕು. ವಾಹನ ಘಟ್ಟವೇರಿ ಬರುವವರೆಗೂ ಕಾಯಬೇಕಾದೀತೆಂದು ಹಳ್ಳಿಯಲ್ಲಿ ಕಾರೋ ಜೀಪೋ ಯಾರಲ್ಲಿದೆಯೆಂಬುದನ್ನು ಕೇಳಿಟ್ಟುಕೊಳ್ಳಬೇಕು. ರೋಗಿಯ ರಕ್ತದ ಗುಂಪು, ಒಗ್ಗದ ಔಷಧಗಳು, ನಿತ್ಯ ಸೇವಿಸುವ ಮಾತ್ರೆಗಳು, ಮನೆಯವರ ಫೋನ್ ಸಂಖ್ಯೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದು ಚೀಲದ ಹೊರಜೇಬಿನಲ್ಲಿಡಬೇಕು. ಜ್ವರವೇರಿದವನಿಗೆ ಪರಭಾಷೆ ಮೊದಲು ಮರೆಯುತ್ತದೆ. ಆ ಹಾಳೆ ಅವನ ಪರವಾಗಿ ಮಾತಾಡುತ್ತದೆ. ನಗರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮೈಯ ನೋವನ್ನು ಹೇಳಿಕೊಳ್ಳುವಷ್ಟಾದರೂ ಮನೆಮಾತು ಬರುವಂತೆ ನೋಡಿಕೊಳ್ಳುವುದೂ ಈ ಸಿದ್ಧತೆಯ ಒಂದು ಭಾಗವೇ. ತಲೆ ‘ಗಿರ್ರೆನ್ನುತ್ತದೆ’, ಹೊಟ್ಟೆ ‘ತೊಳಸುತ್ತದೆ’, ಎದೆ ‘ಹಿಡಿದಿದೆ’ ಎಂಬ ಮಾತುಗಳಲ್ಲಿ ವೈದ್ಯರಿಗೆ ಬೇಕಾದ ಅರ್ಧ ಪರೀಕ್ಷೆ ಅಡಗಿರುತ್ತದೆ.

ಬೆನ್ನಿನ ಚೀಲ ಹಗುರವಾಗಿರಬೇಕೆಂಬುದು ಪಯಣಿಗರ ನಿಯಮ. ನಾಲ್ಕು ಲವಣದ ಪೊಟ್ಟಣ, ಜ್ವರದ ಕೆಲವು ಮಾತ್ರೆ, ಗಾಯಕ್ಕೆ ಬಟ್ಟೆ, ಸೊಳ್ಳೆಪರದೆ, ಒಂದು ಲೀಟರು ಹಿಡಿಯುವ ನೀರಿನ ಸೀಸೆ, ಎರಡು ಭಾಷೆಯ ಆ ಒಂದು ಹಾಳೆ. ಇವೆಲ್ಲ ಸೇರಿದರೂ ಒಂದು ಜೊತೆ ಬಟ್ಟೆಯ ತೂಕವಾಗದು. ಇವುಗಳೊಡನೆ ಒಂದು ದಿನದ ಬಿಡುವನ್ನೂ ಹೆಚ್ಚಾಗಿ ಕಟ್ಟಿಕೊಂಡು ಹೊರಡುವುದು ಜಾಣತನ. ಕಾಯಿಲೆಯಾದವನನ್ನು ಎಳೆದುಕೊಂಡು ಹೋಗುವಂತೆ ಮಾಡುವುದು ಬಹುಪಾಲು ಹಿಂದಿರುಗುವ ಟಿಕೆಟ್ಟೇ. ಆ ದಿನ ಕೈಯಲ್ಲಿದ್ದರೆ ರೋಗಿ ಮಲಗಬಹುದು, ಜೊತೆಯವರು ಕಾಯಬಹುದು. ಗೆಟ್ಟವಾಡಿಯಂಥ ಊರುಗಳಲ್ಲಿ ಮಲಗುವವನಿಗೆ ಜಗುಲಿಯೂ ಕಾಯುವವರಿಗೆ ಮಾತೂ ಇನ್ನೂ ಸಿಗುತ್ತವೆ. ಆ ಊರಿನವರಿಗೆ ಕಾಯಿಲೆಯಾದಾಗ, ಅವರು ಗಡಿಯ ಯಾವ ಮಗ್ಗುಲಿಗೆ ಬಂದರೂ ಅಷ್ಟೇ ಆದರ ದೊರೆಯುವಂತಾದರೆ ಆ ಋಣ ತೀರುತ್ತದೆ.